ನಲವತ್ತೊಂಬತ್ತರವರೆಗೆ ಅರ್ಹರು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಬ್ಯಾಗು ತಗುಲಿಸಿಕೊಂಡು ಮನೆಮನೆ ತಿರುಗುವ ನರ್ಸನ್ನು ಜನ ಸುಲಭವಾಗಿ ಒಳ್ಳೆಯವಳೆಂದು ನಂಬಿಬಿಡುತ್ತಾರೆ. ಸೀರೆಗೆ, ಒಡವೆಗೆ, ಪಕ್ಕದವರ ಹೊಸ ಕಾರಿಗೆ ನನ್ನ ಹೊಟ್ಟೆ ಉರಿದದ್ದು ನೆನಪಿಲ್ಲ. ಉರಿಯುತ್ತಿದ್ದದ್ದು ಒಂದಕ್ಕೇ. ಸಿಟಿ ಬಸ್ಸಿಗೆ ಏಳು ತಿಂಗಳ ಬಸುರಿ ಯಾರಾದರೂ ಹತ್ತಿದರೆ ಎದ್ದು ಸೀಟು ಬಿಟ್ಟುಕೊಡುತ್ತಿದ್ದೆ, ಅದು ಅಭ್ಯಾಸಬಲ. ಆಮೇಲೆ ಕಂಬಿ ಹಿಡಿದು ನಿಂತು, ಇವಳಿಗೆ ಇಪ್ಪತ್ತೆರಡೂ ಇರಲಿಕ್ಕಿಲ್ಲ, ಏನು ಅವಸರವಿತ್ತಂತೆ ಇವಳಿಗೆ ಎಂದು ಒಳಗೊಳಗೇ ಬಯ್ಯುತ್ತಿದ್ದೆ. ವಾಂತಿ ಬರುತ್ತದೆಂದು ಕಿಟಕಿ ಪಕ್ಕದ ಜಾಗ ಕೇಳುವವರನ್ನು ಕಂಡರೂ ಆಗುತ್ತಿರಲಿಲ್ಲ. ವಾಂತಿಗೆ ಆಸೆಪಟ್ಟವಳು ಇಡೀ ಶಿವಮೊಗ್ಗದಲ್ಲಿ ನಾನೊಬ್ಬಳೇ ಇದ್ದೆನೋ ಏನೋ.

ನಮ್ಮ ಮನೆ ಶಿವಮೊಗ್ಗದ ಕೋಟೆ ರಸ್ತೆಯಲ್ಲಿ, ನನ್ನ ಕೆಲಸ ಭದ್ರಾವತಿಯಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಹೋಗುವುದು, ಸಂಜೆ ಬಸ್ಸು ಹಿಡಿದು ಬರುವುದು. ಕಾರ್ಖಾನೆಯ ಹಳೇ ಕ್ವಾರ್ಟರ್ಸು ಮತ್ತು ಅದರ ಬೆನ್ನಿಗೆ ಬೆಳೆದ ನಾಲ್ಕೈದು ಬೀದಿಗಳು ನನ್ನ ಪಾಲಿಗೆ ಬಂದ ಏರಿಯಾ. ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕರಲ್ಲೂ 'ಎಷ್ಟು ಮಕ್ಕಳು?' ಎಂದು ಕೇಳುವಷ್ಟು ಕಲಿತುಕೊಂಡಿದ್ದೆ. ಮಕ್ಕಳಿಗೆ ಲಸಿಕೆ ಹಾಕುವುದು, ಬಸುರಿಯರ ಬಿಪಿ ನೋಡುವುದು ನನ್ನ ಕೆಲಸ. ಅದೆಲ್ಲಕ್ಕಿಂತ ಹೆಚ್ಚಾಗಿ ಮೇಲಿನವರು ಪ್ರತಿ ತಿಂಗಳ ಮೀಟಿಂಗಿನಲ್ಲಿ ಕೇಳುತ್ತಿದ್ದದ್ದು ಕುಟುಂಬ ಯೋಜನೆ. ಎಷ್ಟು ಜನಕ್ಕೆ ಆಪರೇಶನ್ ಮಾಡಿಸಿದಿರಿ, ಎಷ್ಟು ಜನಕ್ಕೆ ಕಾಪರ್-ಟಿ ಹಾಕಿಸಿದಿರಿ, ಎಷ್ಟು ಜನ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ.

ಅದಕ್ಕೊಂದು ದಪ್ಪ ಪುಸ್ತಕವಿತ್ತು. ಅರ್ಹ ದಂಪತಿಗಳ ರಿಜಿಸ್ಟರ್ ಎಂದು ಅದರ ಹೆಸರು. ಹೆಂಡತಿಯ ವಯಸ್ಸು ನಲವತ್ತೊಂಬತ್ತರ ಒಳಗಿರುವ ಪ್ರತಿ ಮನೆಗೂ ಅದರಲ್ಲಿ ಒಂದು ಸಾಲು. ಹೆಂಡತಿಯ ವಯಸ್ಸು, ಮದುವೆಯಾದಾಗಿನ ವಯಸ್ಸು, ಬದುಕಿರುವ ಮಕ್ಕಳು, ಕಡೇ ಮಗುವಿನ ವಯಸ್ಸು, ಯಾವ ವಿಧಾನ ಅನುಸರಿಸುತ್ತಿದ್ದಾರೆ. ನಲವತ್ತೊಂಬತ್ತು ತುಂಬಿತೆಂದರೆ ಆ ಹೆಸರಿನ ಮೇಲೆ ನಾನು ಅಡ್ಡಗೆರೆ ಎಳೆಯುತ್ತಿದ್ದೆ. ಅಲ್ಲಿಯವರೆಗೆ ಆಕೆ ಅರ್ಹಳು, ಅಂದರೆ ಯಾವ ತಿಂಗಳಾದರೂ ಬಸಿರಾಗಬಹುದಾದವಳು, ಅಂದರೆ ನಾನು ಬೆನ್ನು ಹತ್ತಬೇಕಾದವಳು.

ಮಕ್ಕಳ ಕಾಲಂನಲ್ಲಿ ಸೊನ್ನೆ ಇದ್ದ ಮನೆಗಳೂ ಇದ್ದವು. ಮದುವೆಯಾಗಿ ಎಂಟು ವರ್ಷ, ಸೊನ್ನೆ. ಹನ್ನೊಂದು ವರ್ಷ, ಸೊನ್ನೆ. ಅಲ್ಲಿ ನನಗೇನು ಕೆಲಸ? ಬಾಗಿಲಲ್ಲೇ ನಿಂತು, "ಏನೂ ವಿಶೇಷ ಇಲ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದಿನ ಮನೆಗೆ ನಡೆಯುತ್ತಿದ್ದೆ. ಆ ಹೆಂಗಸರಲ್ಲಿ ಒಬ್ಬಳ ಮುಖವೂ ನನಗೆ ಸರಿಯಾಗಿ ನೆನಪಿಲ್ಲ. ನಾಲ್ಕನೆಯ ಬಸಿರು ನಿಂತಿತೆಂದು ಸೆರಗು ಬಾಯಿಗಿಟ್ಟು ಅತ್ತವರ ಮುಖಗಳು ಮಾತ್ರ ಒಂದೊಂದೂ ನೆನಪಿವೆ.

ನನ್ನ ತಪ್ಪು ಶುರುವಾದದ್ದು ಇಲ್ಲಿಂದಲೇ. ಮದುವೆಯಾದಾಗ ನನಗೆ ಮೂವತ್ತು. ನಮ್ಮವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಮಾತು ಕಡಿಮೆ. ನನ್ನದು ಆಗ ಕಾಂಟ್ರಾಕ್ಟ್ ನೌಕರಿ. ಹೆರಿಗೆಗೆಂದು ಮನೆಯಲ್ಲಿ ಕೂತರೆ ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಹೆದರಿಕೊಂಡಿದ್ದೆ. ಹಾಗೆಂದು ಯಾರೂ ಹೇಳಿರಲಿಲ್ಲ, ಹೆದರಿಕೆ ನನ್ನದೇ. ಪರ್ಮನೆಂಟ್ ಆಗಲಿ, ಆಮೇಲೆ ನೋಡೋಣ ಎಂದೆ. ಮದುವೆಯಾದ ಮೂರನೇ ತಿಂಗಳಿಗೆ ನಮ್ಮ ಹಿರಿಯ ಸಿಸ್ಟರೊಬ್ಬರ ಕೈಯಲ್ಲಿ ನಾನೇ ಕಾಪರ್-ಟಿ ಹಾಕಿಸಿಕೊಂಡೆ. ಊರ ಹೆಂಗಸರಿಗೆಲ್ಲ ಹೇಳುವವಳು ನಾನೂ ಹಾಕಿಸಿಕೊಂಡಿದ್ದೇನೆಂದು ಹೆಮ್ಮೆ ಬೇರೆ.

ನಮ್ಮವರು ಎರಡು ಸಲ ಕೇಳಿದ್ದರು. "ಲೇಟಾಗಲ್ವಾ?" ಅಂತ.

"ನನ್ ಏರಿಯಾದಲ್ಲಿ ನಲವತ್ತೆರಡಕ್ಕೂ ಆಗ್ತಿದೆ ಕಣ್ರೀ. ಬೇಡ ಬೇಡ ಅಂದ್ರೂ ಆಗ್ತಿದೆ. ರಿಜಿಸ್ಟರ್ ತಂದು ತೋರಿಸ್ಲಾ?"

ಲೆಕ್ಕದ ಮೇಷ್ಟ್ರಿಗೆ ರಿಜಿಸ್ಟರ್ ಎಂದರೆ ಸಾಕು, ಸುಮ್ಮನಾಗಿಬಿಟ್ಟರು.

ನಾನು ಓದದವಳಲ್ಲ. ಹೆಣ್ಣುಮಗು ಹುಟ್ಟುವಾಗಲೇ ತನ್ನ ಅಂಡಾಣುಗಳನ್ನೆಲ್ಲ ಹೊತ್ತು ಹುಟ್ಟುತ್ತದೆ, ಹೊಸದು ಒಂದೂ ಹುಟ್ಟುವುದಿಲ್ಲ, ಮೂವತ್ತೈದು ದಾಟಿದ ಮೇಲೆ ಇರುವವೂ ಬೇಗಬೇಗ ತೀರುತ್ತವೆ, ಉಳಿದವುಗಳಲ್ಲೂ ಗಟ್ಟಿಯಾದವು ಕಡಿಮೆ ಎಂದು ನರ್ಸಿಂಗಿನಲ್ಲಿ ಬರೆದು ಒಳ್ಳೆಯ ಅಂಕವನ್ನೇ ತೆಗೆದಿದ್ದೆ. ಆದರೆ ಅದು ಪರೀಕ್ಷೆಗೆ. ನಂಬಿದ್ದು ಕಣ್ಣಾರೆ ಕಂಡದ್ದನ್ನು. ಕಣ್ಣಾರೆ ಕಂಡದ್ದೆಂದರೆ, ತಡೆಯದಿದ್ದರೆ ಮಕ್ಕಳು ಬಂದೇ ಬರುತ್ತವೆ. ಹದಿನಾಲ್ಕು ವರ್ಷ ನನಗೆ ಸಂಬಳ ಬಂದದ್ದು ಅವು ಬರದ ಹಾಗೆ ನೋಡಿಕೊಳ್ಳುವುದಕ್ಕೆ. ಕರೆದರೂ ಬಾರದೆ ಇರುತ್ತವೆ ಎಂಬ ಯೋಚನೆ ನನ್ನ ಹತ್ತಿರವೂ ಸುಳಿಯಲಿಲ್ಲ.

ಪರ್ಮನೆಂಟ್ ಆದದ್ದು ಮೂವತ್ತೈದಕ್ಕೆ. ಮೂವತ್ತಾರಕ್ಕೆ ಕಾಪರ್-ಟಿ ತೆಗೆಸಿದೆ. ಮುಂದಿನ ತಿಂಗಳೇ ಆಗುತ್ತದೆಂದು ಫೋಲಿಕ್ ಆಸಿಡ್ ಮಾತ್ರೆ ತಂದಿಟ್ಟುಕೊಂಡೆ. ಆಗಲಿಲ್ಲ. ಎರಡು ವರ್ಷ ತಿಂಗಳಿಗೊಂದು ಕಿಟ್ ತಂದು ಬಚ್ಚಲುಮನೆಯಲ್ಲಿ ಪರೀಕ್ಷೆ ಮಾಡಿಕೊಂಡೆ. ಯಾವಾಗಲೂ ಒಂದೇ ಗೆರೆ. ಕೆಲವು ಸಲ ಕಿಟಕಿಯ ಬೆಳಕಿಗೆ ಹಿಡಿದು, ಎರಡನೆಯದು ಮಸುಕಾಗಿ ಇದೆಯೇನೋ ನೋಡಿ ಎಂದು ನಮ್ಮವರನ್ನೂ ಕರೆಯುತ್ತಿದ್ದೆ. ಅವರು ಕನ್ನಡಕ ಹಾಕಿಕೊಂಡು ಬಂದು, ಬೋರ್ಡಿನ ಮೇಲೆ ತಪ್ಪು ಲೆಕ್ಕ ಮಾಡಿದ ಹುಡುಗನಿಗೆ ಹೇಳುವಷ್ಟು ಮೆತ್ತಗೆ, "ಇಲ್ಲ ಅನ್ಸುತ್ತೆ" ಎನ್ನುತ್ತಿದ್ದರು.

ಮೂವತ್ತೆಂಟಕ್ಕೆ ಸವಳಂಗ ರಸ್ತೆಯಲ್ಲಿ ಮೆಡಿಕಲ್ ಶಾಪಿನ ಮೇಲಿದ್ದ ಒಂದು ಕ್ಲಿನಿಕ್ಕಿಗೆ ಹೋದೆವು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಆದ ಮೇಲೆ ಡಾಕ್ಟರು, ನನಗಿಂತ ಐದಾರು ವರ್ಷ ಚಿಕ್ಕವರಾದ ಹೆಂಗಸು, ಕಾಗದಗಳನ್ನು ಮಡಿಸಿಟ್ಟು ಕೇಳಿದರು.

"ನೀವೇ ಈ ಫೀಲ್ಡಲ್ಲಿ ಇರೋರಲ್ವಾ ಸಿಸ್ಟರ್? ಇಷ್ಟು ದಿನ ಯಾಕೆ ಬಿಟ್ರಿ?"

ನನ್ನ ಬ್ಯಾಗಿನಲ್ಲಿ ಆವತ್ತೂ ಹಂಚಿ ಉಳಿದ ಗರ್ಭನಿರೋಧಕ ಮಾತ್ರೆಗಳ ಶೀಟುಗಳಿದ್ದವು. ಅಂಡಾಣುಗಳು ನನ್ನ ವಯಸ್ಸಿಗೆ ಇರಬೇಕಾದ್ದಕ್ಕಿಂತಲೂ ಕಡಿಮೆ ಉಳಿದಿವೆ ಎಂದರು. ಮರುವರ್ಷ ಐವಿಎಫ್ ಮಾಡಿಸಿದೆವು. ಹೊಟ್ಟೆಗೆ ಚುಚ್ಚಬೇಕಾದ ಇಂಜೆಕ್ಷನ್ನುಗಳನ್ನೆಲ್ಲ ನಾನೇ ಚುಚ್ಚಿಕೊಂಡೆ. ಸಿಕ್ಕಿದ್ದು ಮೂರು ಅಂಡಾಣು, ಬೆಳೆದದ್ದು ಒಂದು, ಅದೂ ನಿಲ್ಲಲಿಲ್ಲ. ಇನ್ನೊಂದು ಸಲ ಪ್ರಯತ್ನಿಸಬಹುದು, ಆದರೆ ಬೇರೆಯವರ ಅಂಡಾಣು ತೆಗೆದುಕೊಳ್ಳುವ ಬಗ್ಗೆಯೂ ಯೋಚನೆ ಮಾಡಿ ಎಂದು ಡಾಕ್ಟರು ಹೇಳಿದರು. ಮನೆಗೆ ಬಂದ ಮೇಲೆ ನಮ್ಮವರು, "ನೀನಿದ್ರೆ ಸಾಕು ಮಾರಾಯ್ತಿ, ಬಿಡು" ಎಂದರು. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವರಿಗೆ ಅಷ್ಟಾಗಿ ಬೇಕಿಲ್ಲ, ಬೇಕಿರುವುದು ನನಗೊಬ್ಬಳಿಗೇ ಎಂದು ನಂಬಿಕೊಂಡೆ.

ಆ ಸಮಯಕ್ಕೆ ನನ್ನ ರಿಜಿಸ್ಟರಿನಲ್ಲಿ ಒಬ್ಬ ಹೆಂಗಸಿದ್ದಳು. ಕ್ವಾರ್ಟರ್ಸಿನ ತಿರುವಿನಲ್ಲಿ ತಳ್ಳುಗಾಡಿಯ ಮೇಲೆ ಇಡ್ಲಿ ಮಾರುತ್ತಿದ್ದಳು. ಮನೆಮಾತು ತಮಿಳು, ಕನ್ನಡ ನಮ್ಮಷ್ಟೇ ಚೆನ್ನಾಗಿ ಬರುತ್ತಿತ್ತು. ಮೂರು ಮಕ್ಕಳು, ದೊಡ್ಡವಳಿಗೆ ಮದುವೆಯಾಗಿತ್ತು. ಹತ್ತು ವರ್ಷದಿಂದ ಆಪರೇಶನ್ ಮಾಡಿಸಿಕೋ ಎಂದು ಅವಳ ಬೆನ್ನು ಬಿದ್ದಿದ್ದೆ. ನನಗಿಂತ ಎರಡು ವರ್ಷ ದೊಡ್ಡವಳೆಂದು ಅಕ್ಕ ಎನ್ನುತ್ತಿದ್ದೆ. ಹೋದಾಗಲೆಲ್ಲ ಒಂದು ನೆಪ. ಒಮ್ಮೆ ಮಗನ ಪರೀಕ್ಷೆ, ಒಮ್ಮೆ ಗಂಡನ ಶಿಫ್ಟು, ಒಮ್ಮೆ ಇಡ್ಲಿ ಪಾತ್ರೆ ಎತ್ತುವವರು ಯಾರೆಂಬ ಚಿಂತೆ. ಜಾಸ್ತಿ ಒತ್ತಾಯ ಮಾಡಿದರೆ ತಟ್ಟೆಗೆ ನಾಲ್ಕು ಇಡ್ಲಿ ಹಾಕಿ, ಮೇಲೆ ಚಟ್ನಿ ಸುರಿದು, "ಮೊದ್ಲು ತಿನ್ನಿ ಸಿಸ್ಟರ್, ಹೊಟ್ಟೆ ತುಂಬಿದ್ರೆ ಬಾಯಿ ಸುಮ್ಮನಾಗುತ್ತೆ" ಎನ್ನುತ್ತಿದ್ದಳು. ತಿಂದು ಬರುತ್ತಿದ್ದೆ. ಮುಂದಿನ ತಿಂಗಳು ಮತ್ತೆ ಹೋಗುತ್ತಿದ್ದೆ.

ಒಂದು ಗುರುವಾರ ವ್ಯಾಪಾರ ಮುಗಿಸಿಕೊಂಡು ಅವಳೇ ನಮ್ಮ ಆರೋಗ್ಯ ಉಪಕೇಂದ್ರಕ್ಕೆ ಬಂದಳು. ಆಶಾ ಕಾರ್ಯಕರ್ತೆ ಹೊರಗೆ ಮಕ್ಕಳ ತೂಕ ಮಾಡುತ್ತಿದ್ದಳು. ಈಕೆ ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಸಿಸ್ಟರ್, ಯುಗಾದಿ ಮಾರನೇ ದಿನ ಆಗಿದ್ದೇ ಕಡೆ. ನಿಲ್ಲೋ ಕಾಲ ಬಂತೇನೋ ಅಂದ್ಕೊಂಡೆ. ಆದ್ರೆ ಒಗ್ಗರಣೆ ವಾಸನೆ ಆಗ್ತಿಲ್ಲ."

ನಾನೂ ಮುಟ್ಟು ನಿಲ್ಲುವ ಕಾಲವೇ ಇರಬೇಕೆಂದುಕೊಂಡೆ. ನಲವತ್ತಮೂರು ವರ್ಷ. ಕಿಟ್ ಕೊಟ್ಟು ಪರೀಕ್ಷೆ ಮಾಡಿದೆ. ಐದು ನಿಮಿಷ ಕಾಯಬೇಕೆಂದು ಹೇಳುತ್ತೇವೆ, ಐದು ನಿಮಿಷ ಬೇಕಾಗಲಿಲ್ಲ. ಎರಡು ಗೆರೆ, ಎರಡೂ ಕಡುಗೆಂಪು. ಬೆಳಕಿಗೆ ಹಿಡಿಯಬೇಕಾಗಿಲ್ಲ, ಯಾರನ್ನೂ ಕರೆದು ತೋರಿಸಬೇಕಾಗಿಲ್ಲ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಯ್ಯೋ ಕರ್ಮ. ಮಗಳು ಐದು ತಿಂಗಳ ಬಸುರಿ. ಬಾಣಂತನಕ್ಕೆ ನನ್ ಮನೆಗೇ ಬರ್ತಾಳೆ. ಅವಳ ಬಾಣಂತನ ಮಾಡ್ಲಾ, ನಂದು ಮಾಡಿಸ್ಕೊಳ್ಳಾ? ಅಳಿಯನ ಮುಂದೆ ಹೆಂಗ್ ನಿಲ್ಲಲಿ? ಗಂಡನಿಗೆ ಹೇಳಿದ್ರೆ ನಿನ್ನಿಷ್ಟ ಅಂತಾನೆ. ನಂಗೆ ಬೇಡ ಸಿಸ್ಟರ್. ನೀವೇ ಕರ್ಕೊಂಡು ಹೋಗಿ ಮುಗಿಸ್ಕೊಡಿ."

ಇಂಥ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೆ. ಹೇಳಬೇಕಾದ್ದೂ ಬಾಯಿಪಾಠವಾಗಿತ್ತು. ಹೇಳಿದೆ. ಇವತ್ತಿಗೆ ಸರಿಯಾಗಿ ಏಳು ವಾರ, ಒಂಬತ್ತು ವಾರದೊಳಗೆ ಹೋದರೆ ಮಾತ್ರೆಯಲ್ಲೇ ಮುಗಿಯುತ್ತದೆ, ಮನೆಯಲ್ಲೇ ಇರಬಹುದು, ಯಾರಿಗೂ ಗೊತ್ತಾಗುವುದಿಲ್ಲ, ದಾಟಿದರೆ ಅಡ್ಮಿಟ್ ಆಗಿ ತೆಗೆಸಬೇಕಾಗುತ್ತದೆ. ಮಂಗಳವಾರ ಬನ್ನಿ, ನಾನೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ದೊಡ್ಡಾಸ್ಪತ್ರೆಗೆ ಒಬ್ಬಳೇ ಹೋಗಲು ಆಕೆಗೆ ಹೆದರಿಕೆ, ಅಲ್ಲಿ ಗುರುತಿನವರು ಬಹಳ. ಆಕೆ ಕೈ ಮುಗಿದು ಹೋದಳು.

ಹೊಟ್ಟೆಯುರಿ ಅಂದರೆ ನಿಜವಾಗಿ ಹೊಟ್ಟೆಯಲ್ಲೇ ಆಗುತ್ತದೆಂದು ನನಗೆ ಆವತ್ತು ಗೊತ್ತಾಯಿತು. ನಾನು ಮೂರು ವರ್ಷ ದುಡ್ಡು, ದೇವರು, ಸೂಜಿ ಎಲ್ಲವನ್ನೂ ಸುರಿದು ಪಡೆಯದ್ದನ್ನು ಇವಳು ಬೇಡವೆನ್ನುತ್ತಾ ಪಡೆದಿದ್ದಳು. ಅದೂ ನನಗಿಂತ ದೊಡ್ಡವಳು. ಇಪ್ಪತ್ತೆರಡರ ಹುಡುಗಿಯರಿಗಾದರೆ ವಯಸ್ಸಿದೆ, ಬಿಡು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಇವಳ ಮೇಲೆ ಯಾವ ಸಮಾಧಾನವೂ ನಡೆಯಲಿಲ್ಲ. ಬಳಸಿದ ಕಿಟ್ಟನ್ನು ಡಬ್ಬಿಗೆ ಹಾಕಬೇಕು, ಅದು ನಿಯಮ. ನಾನು ಅದನ್ನು ಒಂದು ಕಾಗದದಲ್ಲಿ ಸುತ್ತಿ ನನ್ನ ಬ್ಯಾಗಿಗೆ ಹಾಕಿಕೊಂಡೆ. ಬಸ್ಸಿನಲ್ಲಿ ಎರಡು ಸಲ ತೆಗೆದು ನೋಡಿದೆ.

ಅದು ಬೇಸಿಗೆ ರಜೆ. ನಮ್ಮವರು ಮನೆಯಲ್ಲೇ ಇದ್ದರು. ಸಂಜೆ ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದೆ. ಪೇಪರಿನ ಪದಬಂಧ ತುಂಬಲು ಪೆನ್ನು ಬೇಕೆಂದು ನನ್ನ ಬ್ಯಾಗಿಗೆ ಕೈ ಹಾಕಿದರು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಆ ಕಿಟ್ಟು.

"ಎರಡಿದೆ" ಎಂದರು.

ನನ್ನದಲ್ಲ ಎಂದು ಹೇಳಬೇಕಿತ್ತು. ಎರಡೇ ಮಾತು. ಆದರೆ ಅವರ ಮುಖ ನೋಡಿ ನನಗೆ ಬಾಯಿ ಬರಲಿಲ್ಲ. ಹನ್ನೊಂದು ವರ್ಷದ ಸಂಸಾರದಲ್ಲಿ ಆ ಮುಖವನ್ನು ನಾನು ನೋಡಿರಲಿಲ್ಲ. ಅವರು ಇನ್ನೇನೂ ಕೇಳದೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಬಿಟ್ಟರೆ ಗುಡಿಯ ಕಡೆ ತಲೆ ಹಾಕದ ಮನುಷ್ಯ, ಕೋಟೆಯ ದೇವಸ್ಥಾನದಲ್ಲಿ ಹಣ್ಣುಕಾಯಿ ಮಾಡಿಸಿಕೊಂಡು, ಹಣೆಗೆ ಕುಂಕುಮ ಇಟ್ಟುಕೊಂಡು, ಒಂದು ಮೊಳ ಮಲ್ಲಿಗೆ ತಂದರು. ಅವರು ಹೋಗಿ ಬರಲು ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆ ನಾನು ಬಸುರಿಯಾಗಿದ್ದೆ. ನಿಂತು ಹೆಚ್ಚುತ್ತಿದ್ದವಳು ಕುರ್ಚಿ ಎಳೆದುಕೊಂಡು, ಕಾಲು ಚಾಚಿ ಕೂತು ಹೆಚ್ಚಿದೆ. ಒಮ್ಮೆ ಹೊಟ್ಟೆಯ ಮೇಲೆ ಕೈಯನ್ನೂ ಇಟ್ಟುಕೊಂಡೆ.

ಅವರು ಹೂವು ಕೈಗಿಟ್ಟಾಗ ಹೇಳಿದೆ. "ಅದು ನಂದಲ್ಲ ರೀ. ಒಬ್ಬ ಹೆಂಗಸಿಂದು. ಇಡ್ಲಿ ಮಾರೋಳಿಂದು."

"ಹೌದಾ" ಎಂದರು. ತೆಂಗಿನಕಾಯಿ ಹೋಳನ್ನು ದೇವರ ಮುಂದೆ ಇಟ್ಟರು. ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡರು. ಬಂದು ಟವೆಲಿನಲ್ಲಿ ಒರೆಸಿಕೊಳ್ಳುತ್ತಾ, "ಯಾರದ್ದೋ ಅದು. ನೀನ್ಯಾಕೆ ಬ್ಯಾಗಲ್ಲಿ ಇಟ್ಕೊಂಡು ಬಂದೆ?" ಎಂದು ಕೇಳಿದರು. ಕೋಪವಿರಲಿಲ್ಲ. ಕೋಪ ಮಾಡಿಕೊಂಡಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ. ಊಟಕ್ಕೆ ಕೂತಾಗ ಪಲ್ಯ ಚೆನ್ನಾಗಿದೆ ಎಂದರು. ನೀನಿದ್ದರೆ ಸಾಕು ಎಂಬ ಮಾತು ಮಾತ್ರ ಆವತ್ತಿನಿಂದ ಅವರ ಬಾಯಲ್ಲಿ ಬಂದಿಲ್ಲ.

ಇದೆಲ್ಲಕ್ಕೂ ನಾನು ಸಿಟ್ಟು ಮಾಡಿಕೊಂಡದ್ದು ಯಾರ ಮೇಲೆ? ಇಡ್ಲಿಯಾಕೆಯ ಮೇಲೆ. ನನ್ನ ಗಂಡನ ಮುಖಕ್ಕೆ ಅಂಥ ಬೆಳಕು ತಂದದ್ದು ಅವಳ ಗೆರೆಗಳು. ಅದನ್ನು ಅವಳು ಮಂಗಳವಾರ ಬಂದು ಮುಗಿಸಿಕೊಡಿ ಎನ್ನುತ್ತಾಳೆ. ಅವಳಿಗೆ ಎಷ್ಟು ಧೈರ್ಯ ಎನಿಸಿತು. ನಾನು ಹೇಳುತ್ತಿರುವುದು ನ್ಯಾಯವಲ್ಲವೆಂದು ಆಗಲೂ ಗೊತ್ತಿತ್ತು. ಮೂರು ಮಕ್ಕಳನ್ನು ಸಾಕಿ, ನಾಲ್ಕು ಗಂಟೆಗೆ ಎದ್ದು ಹಿಟ್ಟು ಹೊಯ್ಯುವವಳಿಗೆ ಬೇಡವೆನ್ನುವ ಹಕ್ಕಿದೆ. ಆ ಹಕ್ಕನ್ನು ಮನೆಮನೆಗೆ ಹೋಗಿ ಹೇಳಿಕೊಟ್ಟವಳೇ ನಾನು.

ಮಂಗಳವಾರ ಆಕೆ ಒಳ್ಳೆಯ ಸೀರೆ ಉಟ್ಟು, ಆಧಾರ್ ಕಾರ್ಡಿನ ಜೆರಾಕ್ಸ್ ಹಿಡಿದು ಬಂದಳು. ನಾನು ತಲೆಯೆತ್ತದೆ, "ಡಾಕ್ಟ್ರು ರಜೆ ಅಕ್ಕ, ಮುಂದಿನ ಮಂಗಳವಾರ ಬನ್ನಿ" ಎಂದೆ. ಡಾಕ್ಟರು ರಜೆಯಲ್ಲಿರಲಿಲ್ಲ. ಸುಳ್ಳು ಹೇಳಬೇಕೆಂದು ಮೊದಲೇ ಯೋಚಿಸಿಯೂ ಇರಲಿಲ್ಲ, ಬಾಯಿಂದ ತಾನಾಗಿ ಬಂತು. ಆಕೆ ಹಾಗಾ ಎಂದು ಹೋದಳು. ಮನಸ್ಸು ಬದಲಾಗಿ ಆಕೆ ಇಟ್ಟುಕೊಳ್ಳಲಿ ಎಂಬ ಆಸೆಯಿತ್ತೇ? ಇಲ್ಲ. ಇಟ್ಟುಕೊಂಡರೆ ತಿಂಗಳು ತಿಂಗಳೂ ಆ ಹೊಟ್ಟೆಯ ಅಳತೆ ತೆಗೆಯಬೇಕಾದವಳು ನಾನೇ. ತೆಗೆಸಲಿ ಎಂದೂ ಇರಲಿಲ್ಲ. ಸುಲಭವಾಗಿ ಆದದ್ದು ಅವಳಿಗೆ ಸುಲಭವಾಗಿ ಹೋಗಬಾರದು, ಅಷ್ಟೆ. ಇದ್ದದ್ದೇ ಅದು.

ಮುಂದಿನ ಮಂಗಳವಾರ ಮತ್ತೆ ಬಂದಳು. ಅದೇ ಸೀರೆ, ಅದೇ ಜೆರಾಕ್ಸ್. ಎಂಟು ವಾರ ಐದು ದಿನ. ಗೋಡೆಯ ಕ್ಯಾಲೆಂಡರ್ ನನ್ನ ಎದುರಿಗೇ ಇತ್ತು. "ಇವತ್ತೂ ಬಂದಿಲ್ವಂತೆ ಅಕ್ಕ. ಇನ್ನೊಂದು ವಾರ ನೋಡೋಣ" ಎಂದೆ. ಆಕೆ ಈ ಸಲ ಕೂಡಲೇ ಹೋಗಲಿಲ್ಲ. "ದಿನ ಮೀರಲ್ವಾ ಸಿಸ್ಟರ್? ನೀವೇ ಹೇಳಿದ್ರಲ್ಲ" ಎಂದು ನಿಂತಳು. "ನಂಗೊತ್ತಿಲ್ವಾ ಅಕ್ಕ, ನಾನು ನೋಡ್ಕೊಳ್ತೀನಿ" ಎಂದೆ. ನಂಬಿ ಹೋದಳು. ಹತ್ತು ವರ್ಷ ನನ್ನ ಯಾವ ಮಾತನ್ನೂ ಕೇಳದವಳು ಇದೊಂದನ್ನು ನಂಬಿದಳು.

ಶನಿವಾರ ಹತ್ತು ಗಂಟೆಗೆ ಗಾಡಿ ನಿಲ್ಲಿಸಿ ನೇರ ಬಂದಳು. ಕೈಗೆ ಮೆತ್ತಿದ ಇಡ್ಲಿ ಹಿಟ್ಟನ್ನೂ ತೊಳೆದಿರಲಿಲ್ಲ.

"ದೊಡ್ಡಾಸ್ಪತ್ರೆ ಆಯಾ ಇವತ್ತು ಇಡ್ಲಿಗೆ ಬಂದಿದ್ಲು. ಡಾಕ್ಟ್ರಮ್ಮ ಈ ತಿಂಗಳು ಒಂದು ದಿನಾನೂ ರಜೆ ಹಾಕಿಲ್ವಂತೆ."

ನಾನು ಪೆನ್ನಿಗೆ ಕ್ಯಾಪು ಹಾಕಿಟ್ಟೆ.

"ಹತ್ತು ವರ್ಷದಿಂದ ಬೇಡ ಬೇಡ ಅಂತ ನನ್ ತಲೆ ತಿಂದೋರು ನೀವು. ಈಗ ನಾನೇ ಬೇಡ ಅಂತ ಬಂದ್ರೆ ಮುಂದಿನ ವಾರ, ಅದರ ಮುಂದಿನ ವಾರ ಅಂತೀರ. ಯಾಕೆ ಸಿಸ್ಟರ್?"

ಇನ್ನೊಂದು ಸುಳ್ಳು ಸಿದ್ಧವಾಗಿತ್ತು. ಆದರೆ ಅವಳ ದನಿಯಲ್ಲಿ ಜಗಳವಿರಲಿಲ್ಲ, ನಿಜವಾಗಿ ತಿಳಿಯಬೇಕೆಂದು ಕೇಳುತ್ತಿದ್ದಳು. ಹೇಳಿಬಿಟ್ಟೆ.

"ಹೊಟ್ಟೆಕಿಚ್ಚು ಅಕ್ಕ. ನಂಗೆ ಎಷ್ಟು ಮಾಡಿದ್ರೂ ಆಗ್ಲಿಲ್ಲ. ನಿಮಗೆ ಆಯ್ತು. ನಂಗೆ ತಡ್ಕೊಳ್ಳೋಕಾಗ್ಲಿಲ್ಲ."

ಆ ಮಾತನ್ನು ನಾನು ಜೀವನದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಹೇಳಿ ಅತ್ತೆ. ಅಳುತ್ತಾ ಏನೋ ಒಂದಕ್ಕೆ ಕಾಯುತ್ತಿದ್ದೆ. ಆಕೆ ಬಯ್ಯಬಹುದು, ಇಲ್ಲ ಬೆನ್ನ ಮೇಲೆ ಕೈಯಿಟ್ಟು ಅಯ್ಯೋ ಪಾಪ ಎನ್ನಬಹುದು ಎಂದು. ನಿಜ ಹೇಳುವುದಾದರೆ ಎರಡನೆಯದಕ್ಕೇ ಕಾಯುತ್ತಿದ್ದೆ. ಆಕೆ ಎರಡನ್ನೂ ಮಾಡಲಿಲ್ಲ. ನಾನು ಮೂಗು ಒರೆಸಿಕೊಳ್ಳುವವರೆಗೆ ನಿಂತಿದ್ದು ಕೇಳಿದಳು.

"ಈಗ ನಂಗೆ ಎಷ್ಟು ದಿನ ಆಯ್ತು? ಅದನ್ನ ಹೇಳಿ."

ಕ್ಯಾಲೆಂಡರಿನ ಮುಂದೆ ಹೋಗಿ ಎಣಿಸಿದೆ. ಒಮ್ಮೆ ಎಣಿಸಿದ್ದು ಸಾಲದೆ ಇನ್ನೊಮ್ಮೆ ಎಣಿಸಿದೆ. ಅರವತ್ತೈದು ದಿನ. ಒಂಬತ್ತು ವಾರ ಎರಡು ದಿನ. ಗುರುವಾರ ಬಂದಿದ್ದರೂ ಮಾತ್ರೆ ಸಿಗುತ್ತಿತ್ತು. ನನ್ನ ವರ್ಷಗಳು ಹೋದವೆಂದು ನಾನು ಕಂಡಕಂಡ ಬಸುರಿಯರನ್ನೆಲ್ಲ ಶಪಿಸುತ್ತಾ ತಿರುಗಿದ್ದೆ. ಆ ವರ್ಷಗಳನ್ನು ನನ್ನಿಂದ ಯಾರೂ ಕಿತ್ತುಕೊಂಡಿರಲಿಲ್ಲ. ಇವಳ ದಿನಗಳನ್ನು ಮಾತ್ರ ನಾನು ಕೂತಲ್ಲೇ ಕೂತು ಕಿತ್ತುಕೊಂಡಿದ್ದೆ. ದಾಟಿದೆ ಎಂದು ಹೇಳಿದೆ. ಆಕೆ ಕೈಗೆ ಅಂಟಿದ್ದ ಹಿಟ್ಟನ್ನು ಉಗುರಿನಿಂದ ಕೆರೆದುಕೊಳ್ಳುತ್ತಾ, "ಹಂಗಾದ್ರೆ ಇವತ್ತೇ ಹೋಗೋಣ, ನಡೀರಿ" ಎಂದಳು.

ಆಟೋ ಹಿಡಿದು ಹೋದೆವು. ಭದ್ರಾವತಿಯ ದೊಡ್ಡಾಸ್ಪತ್ರೆಯಲ್ಲಿ ಶನಿವಾರ ಜನ ಜಾಸ್ತಿ. ಆಕೆ ಬೆಂಚಿನ ತುದಿಯಲ್ಲಿ ಕೂತು, ಗುರುತಿನವರು ಕಾಣದಿರಲೆಂದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು. ಚೀಟಿ ಮಾಡಿಸಿದ್ದು ನಾನು. ವಯಸ್ಸು ನಲವತ್ತಮೂರು, ಬದುಕಿರುವ ಮಕ್ಕಳು ಮೂರು ಎಂದು ಫಾರಂ ತುಂಬಿದ್ದೂ ನಾನೇ. ಸ್ಕ್ಯಾನಿಂಗ್ ಆಗಿ ಡಾಕ್ಟರ ಮುಂದೆ ಹೋದಾಗ ಗಂಟೆ ಒಂದಾಗಿತ್ತು.

ಡಾಕ್ಟರು ವರದಿ ನೋಡಿದರು. "ಒಂಬತ್ತು ವಾರ ದಾಟಿದೆ. ಮಾತ್ರೇಲಿ ಆಗಲ್ಲ. ಅಡ್ಮಿಟ್ ಆಗಿ, ತೆಗೀಬೇಕಾಗುತ್ತೆ."

ಆಕೆ ಮೇಜಿನ ಅಂಚನ್ನು ಹಿಡಿದುಕೊಂಡಳು. ಆಪರೇಶನ್ನಿಗೆ ಹೆದರಿ ಹತ್ತು ವರ್ಷ ನನ್ನಿಂದ ತಪ್ಪಿಸಿಕೊಂಡವಳು. "ಮನೇಲಿ ಹೇಳಿಲ್ಲ ಡಾಕ್ಟ್ರೇ" ಎಂದಳು, ಅಷ್ಟೆ.

ಡಾಕ್ಟರು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. "ಏನ್ ಸಿಸ್ಟರ್ ನೀವು? ಇಷ್ಟು ವರ್ಷ ಸರ್ವೀಸಾಗಿದೆ. ಎರಡು ದಿನ ಮೊದ್ಲು ಕರ್ಕೊಂಡು ಬಂದಿದ್ರೆ ಎರಡು ಸಲ ಮಾತ್ರೆ ಕೊಟ್ಟು ಕಳಿಸ್ತಿದ್ದೆ. ಯಾಕೆ ಇಷ್ಟು ಲೇಟು?"

ಹೇಳಬೇಕೆಂದು ಬಾಯಿ ತೆರೆದಿದ್ದೆ. ಇದಂತೂ ಸತ್ಯ. ಅಷ್ಟರಲ್ಲಿ ಆಕೆ ಹೇಳಿದಳು.

"ನಾನೇ ಡಾಕ್ಟ್ರೇ ಲೇಟ್ ಮಾಡಿದ್ದು. ಇವರು ಬಾ ಬಾ ಅಂತ ದಿನಾ ಕರೀತಾನೇ ಇದ್ರು. ನಂಗೇ ಗಾಡಿ ಬಿಟ್ಟು ಬರೋಕಾಗ್ಲಿಲ್ಲ."

ನನ್ನ ಕಡೆ ನೋಡಲಿಲ್ಲ. ಮೇಜಿನ ಅಂಚನ್ನು ಬಿಟ್ಟಿರಲಿಲ್ಲ. ಡಾಕ್ಟರು ಬಯ್ಯಲು ಶುರು ಮಾಡಿದರು. ವಯಸ್ಸು ನಲವತ್ತಮೂರು, ಮಗಳಿಗೆ ಮದುವೆ ಮಾಡಿದ್ದೀರಿ, ಸ್ವಲ್ಪವಾದರೂ ಬುದ್ಧಿ ಬೇಡವಾ, ಸಿಸ್ಟರ್ ಮನೆ ಬಾಗಿಲಿಗೆ ಬಂದು ಹೇಳಿದರೂ ಕೇಳುವುದಿಲ್ಲವೆಂದರೆ ಏನರ್ಥ, ನಿಮ್ಮಂಥವರಿಂದ ಅವರಿಗೂ ಕೆಟ್ಟ ಹೆಸರು. ಹೊರಗೆ ಕಾಯುತ್ತಿದ್ದವರಿಗೂ ಕೇಳಿಸುತ್ತಿತ್ತು. ಆಕೆ ತಲೆ ತಗ್ಗಿಸಿ, ತಪ್ಪಾಯ್ತು ಡಾಕ್ಟ್ರೇ, ತಪ್ಪಾಯ್ತು ಎನ್ನುತ್ತಾ ಬೈಸಿಕೊಂಡಳು.

ನಾನು ಪಕ್ಕದಲ್ಲಿ ಫೈಲು ಹಿಡಿದು ನಿಂತಿದ್ದೆ. ಮೂರು ಮಕ್ಕಳು, ನಲವತ್ತಮೂರರಲ್ಲೂ ಬಸಿರು, ಅದರ ಜೊತೆಗೆ ಇಷ್ಟು ದೊಡ್ಡ ಮನಸ್ಸನ್ನೂ ಇವಳಿಗೇ ಕೊಟ್ಟಿದ್ದಾನಲ್ಲ ದೇವರು ಎಂದು ನನ್ನ ಹೊಟ್ಟೆ ಮತ್ತೆ ಉರಿಯಿತು. ಡಾಕ್ಟರು ಬೈದು ಮುಗಿಸುವವರೆಗೂ ನಾನು ಸುಮ್ಮನೇ ಇದ್ದೆ.